ಇವತ್ತಿನ ಐಸ್ ಅಳೆಯುವ ಆರ್ಲಿಸ್

ಈ ಊರನ್ನು ಆ ದೊಡ್ಡ ಕಂಪನಿಯ ಮುಷ್ಟಿಯಿಂದ ಬಿಡಿಸಿದವನು ನಾನೇ. ಅನುಮಾನವಿದ್ದರೆ ನಮ್ಮ ಕೆರೆಗೆ ಬಂದು ಕೇಳಿ, ನನ್ನ ಹೆಸರು ಹೇಳಿದರೆ ಮೀನು ಕೂಡ ಎದ್ದು ನಿಲ್ಲುತ್ತದೆ. ಆದರೆ ಹೀರೋ ಎಂಟ್ರಿಗೆ ಮೊದಲು ಒಬ್ಬರನ್ನು ತೋರಿಸಬೇಕು.

ಬೆಳಕು ಹರಿಯುತ್ತಿದೆ. ಅಮೆರಿಕದ ಉತ್ತರ ಮಿನೆಸೋಟದ ಹೆಪ್ಪುಗಟ್ಟಿದ ಕೆರೆಯ ಮೇಲೆ ಅರವತ್ತು ದಾಟಿದ ಆರ್ಲಿಸ್ ಟೊಯಿವೊನೆನ್ ಮಂಡಿಯೂರಿದ್ದಾರೆ. ತೂತು ಕೊರೆದು, ಅಳತೆಕೋಲು ಇಳಿಸಿ, ಅದರ ಕೊಕ್ಕೆಯನ್ನು ಐಸಿನ ತಳಕ್ಕೆ ಸಿಕ್ಕಿಸಿ ದಪ್ಪ ನೋಡುತ್ತಾರೆ. ಚಳಿಗಾಲದಲ್ಲಿ ಮೀನು ಹಿಡಿಯಲು ಇಲ್ಲಿನವರು ಐಸಿನ ಮೇಲೇ ಗಾಡಿ ಓಡಿಸುತ್ತಾರೆ.

"ಐದು ಇಂಚು. ಅದೂ ಮೆತ್ತಗಾಗಿದೆ. ಗಾಡಿ ಬೇಡ."

"ನನ್ನ ಹೊಸ ಗಾಡಿ ನನ್ನ ಹಾಗೇ ಹಗುರ ಆರ್ಲಿಸ್," ಎನ್ನುತ್ತೇನೆ.

"ಐಸ್ ಬಿರಿಯೋಕೆ ನಿನ್ನ ಬಾಯಿ ಒಂದೇ ಸಾಕು ಕಣೋ. ಸಾಮಾನಿನ ಚೀಲ ಹಿಡ್ಕೋ, ಹೀರೋ."

ಗಾಳಕ್ಕೆ ಸಿಕ್ಕಿಸುವ ಮರಿಮೀನು ಮಾರುವ ಅಂಗಡಿ ಅವರದು. ಗಂಡ ಲೆಸ್ಟರ್ ತೀರಿಕೊಂಡ ಮೇಲೆ ಐಸ್ ಅಳೆಯುವ ಕೆಲಸವೂ ಅವರ ಹೆಗಲಿಗೆ ಬಂತು. ಅದಕ್ಕೆ ಸಂಬಳ ಕೊಡುವವರಿಲ್ಲ. ಊರೆಲ್ಲ ಸೇರಿಕೊಂಡಿದ್ದ ಆ ದೊಡ್ಡ ಕಂಪನಿಯ ಸಾಮಾಜಿಕ ಜಾಲತಾಣದಲ್ಲೇ ದಿನದಿನದ ಅಳತೆ ಹಾಕುತ್ತಿದ್ದರು.

ಹೋದ ಮಾರ್ಚಿನಲ್ಲಿ ಐಸ್ ಕರಗತೊಡಗಿದಾಗ "ಯಾರೂ ಗಾಡಿ ಇಳಿಸಬೇಡಿ" ಎಂದು ಬರೆದರು. ಅದು ಅವತ್ತು ಯಾರ ಕಣ್ಣಿಗೂ ಬೀಳಲಿಲ್ಲ. ಅದಕ್ಕೂ ಮೊದಲು, ಐಸ್ ದಪ್ಪವಿದ್ದ ಫೆಬ್ರವರಿಯಲ್ಲಿ, "ಪಿಕಪ್ ಆರಾಮಾಗಿ ಹೋಗುತ್ತೆ" ಎಂದು ಹಾಕಿದ್ದರು, ಜೊತೆಗೆ ದೊಡ್ಡದೊಂದು ಮೀನಿನ ಫೋಟೊ ಇತ್ತು. ಅದಕ್ಕೆ ಜನ ಹೃದಯ ಒತ್ತಿದ್ದೇ ಒತ್ತಿದ್ದು. ಕಂಪನಿಯ ಯಂತ್ರ ವಾರಗಳ ನಂತರವೂ ಅದನ್ನೇ ಮೇಲಕ್ಕೆ ತಂದು ತೋರಿಸುತ್ತಿತ್ತು. ಇದು ಆರ್ಲಿಸ್‌ಗೆ ಗೊತ್ತೇ ಇರಲಿಲ್ಲ. ಅವರಿಗೆ ಕಂಡದ್ದು ಎಚ್ಚರಿಕೆಯ ಕೆಳಗೆ ಮೂಡಿದ ಗುಂಡಿ: ಹೆಚ್ಚು ಜನರಿಗೆ ತಲುಪಬೇಕೆ, ಹಣ ಕಟ್ಟಿ.

"ಐಸ್ ಒಡಿಯುತ್ತೆ, ಸಾಯ್ತೀರಾ ಅಂತ ಹೇಳೋಕೂ ನಾನು ದುಡ್ಡು ಕೊಡ್ಬೇಕಾ?" ಇದನ್ನು ಹೇಳುವಾಗ ಇವತ್ತಿಗೂ ಅಳತೆಕೋಲನ್ನು ಐಸಿಗೆ ಕುಟ್ಟುತ್ತಾರೆ. "ನನ್ನ ಊರು, ನನ್ನ ಕೆರೆ, ಅಳೆದವಳು ನಾನು. ಮಧ್ಯೆ ನಿಂತು ಟಿಕೆಟ್ ಹರಿಯೋಕೆ ಇವರ್ಯಾರು?"

ಆ ಎಚ್ಚರಿಕೆ ಬರೆದ ಮರುದಿನ ಬೆಳಗ್ಗೆ ಐಸ್ ಒಡೆದು ಒಂದು ಪಿಕಪ್ ಮುಳುಗಿತು. ಆರ್ಲಿಸ್ ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ, ಹಗ್ಗ ಎಸೆದು, ಓಡಿಸುತ್ತಿದ್ದ ಹುಡುಗನನ್ನು ಎಳೆದು ತಂದರು. ಪಕ್ಕದ ಸೀಟಿನಲ್ಲಿದ್ದ ನಾಯಿ ಮೇಲೆ ಬರಲಿಲ್ಲ.

ಕಂಪನಿಗೆ ದೂರು ಬರೆದರು. "ನಿಮ್ಮ ಅನುಭವ ನಮಗೆ ಮುಖ್ಯ" ಎಂದು ಉತ್ತರ ಬಂತು. ಅದನ್ನು ಓದಿ ಖಾತೆಯನ್ನೇ ಅಳಿಸಿಹಾಕಿದರು. ಗ್ರಂಥಾಲಯದಿಂದ ಪುಸ್ತಕ ತಂದು, ಬೈದುಕೊಳ್ಳುತ್ತಲೇ ಕಲಿತು, ಸ್ವಂತ ತಾಣ ಕಟ್ಟಿದರು. ಮರಿಮೀನಿನ ತೊಟ್ಟಿಯ ಹಿಂದೆ ಗುರ್ರೆನ್ನುವ ಹಳೆಯ ಕಂಪ್ಯೂಟರಿನಲ್ಲೇ ಅದು ನಡೆಯುತ್ತಿದೆ. ಇರುವುದೊಂದೇ ಪುಟ. ಇವತ್ತಿನ ತಾರೀಖು, ಐಸಿನ ದಪ್ಪ, ಕೆಳಗೆ ಅವರ ಹೆಸರು. ಹೊಸದು ಬರೆದರೆ ಹಳೆಯದು ಅಳಿಯುತ್ತದೆ. ಹೃದಯ ಒತ್ತಲು ಜಾಗವನ್ನೇ ಇಟ್ಟಿಲ್ಲ.

"ಚೆನ್ನಾಗಿದೆ ಅಂತ ಯಾರೂ ಹೇಳ್ಬೇಡಿ. ಕೆರೆಗೆ ಇಳಿಯೋ ಮುಂಚೆ ಒಂದ್ಸಲ ನೋಡಿ. ಅಷ್ಟು ಮಾಡಿದ್ರೆ ಸಾಕು ನಂಗೆ."

ಈಗ ನನ್ನ ಎಂಟ್ರಿ. ಊರನ್ನು ನಾನು ಬಿಡಿಸಿಲ್ಲ, ಅರ್ಧ ಊರು ಇನ್ನೂ ಕಂಪನಿಯ ತಾಣದಲ್ಲೇ ಇದೆ. ನನ್ನ ಕೆಲಸ ಚೀಲ ಹಿಡಿಯುವುದು. ಮುಳುಗಿದ ಪಿಕಪ್ ನನ್ನದು. ನಾಯಿಯೂ ನನ್ನದೇ, ಮೂಸ್ ಅಂತ ಹೆಸರು. ಆ ಬೆಳಗ್ಗೆ ಮೀನಿನ ಫೋಟೊಗೆ ಹೃದಯ ಒತ್ತಿಯೇ ಚಾವಿ ತಿರುಗಿಸಿದ್ದೆ.

ಆರ್ಲಿಸ್ ಬರೆದ ಎಚ್ಚರಿಕೆಯನ್ನು ಕಂಪನಿ ನನಗೂ ತೋರಿಸಿತು. ಆಗ ನಾನು ಆಸ್ಪತ್ರೆಯ ಹಾಸಿಗೆಯಲ್ಲಿದ್ದೆ.