ಅಜ್ಜನ ಎದೆ ಪರೀಕ್ಷೆ

ಮಕ್ಕಳೇ, ನಿಮ್ಮ ಅಜ್ಜನಿಗೆ ಸಮುದ್ರವೆಂದರೆ ಹೆದರಿಕೆಯಂತೆ, ಅದಕ್ಕೇ ದೋಣಿ ಬಿಟ್ಟರಂತೆ ಎಂದು ಯಾರೋ ಹೇಳಿದ ಮಾತನ್ನು ಮೊನ್ನೆ ನೀವು ಮನೆಗೆ ತಂದಿರಿ. ನಾನು ಆಗ ಸುಮ್ಮನಿದ್ದೆ. ನಾಲ್ಕು ಜನರ ಎದುರು ನನಗೆ ಮಾತು ಬರುವುದಿಲ್ಲ. ಬರೆದರೆ ಬಂದೀತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಕಾಪು ಕಡಲ ಬದಿಯ ನಮ್ಮ ಮನೆಗಳಿಗೆಲ್ಲ ತೆಂಗಿನ ಗರಿ ಹೊದೆಸಿದ ಮಡಲಿನ ಮಾಡು. ಒಂದು ಬೇಸಿಗೆಯಲ್ಲಿ ಯಾರದೋ ಒಲೆಯ ಕಿಡಿ ಹಾರಿ ಇಡೀ ಸಾಲು ಸುಟ್ಟುಹೋಯಿತು. ಉಡುಪಿಯಿಂದ ಬಂದ ಬೆಂಕಿ ನಂದಿಸುವ ಗಾಡಿಯ ಚಕ್ರ ಮರಳಿನಲ್ಲಿ ಹೂತಿತು. ಆಮೇಲೆ ಊರಿನವರೇ ಒಂದು ಬೆಂಕಿ ಪಡೆ ಕಟ್ಟುವುದೆಂದು ಭಜನಾ ಮಂದಿರದಲ್ಲಿ ತೀರ್ಮಾನವಾಯಿತು. ಕಲಿಸಲು ಒಪ್ಪಿದ ಅಧಿಕಾರಿ ಒಂದು ಶರತ್ತು ಹಾಕಿದರು. ಹೊಗೆಯೊಳಗೆ ನುಗ್ಗುವವನ ಎದೆ ಗಟ್ಟಿ ಇರಬೇಕು, ಡಾಕ್ಟರ ಸರ್ಟಿಫಿಕೇಟ್ ಇಲ್ಲದವರನ್ನು ಸೇರಿಸುವಂತಿಲ್ಲ.

ನಿಮ್ಮ ಅಜ್ಜ ಹೋಗುತ್ತಿದ್ದ ದೋಣಿಯ ಮುಖ್ಯಸ್ಥರನ್ನು ತಂಡೇಲರು ಎನ್ನುತ್ತಿದ್ದೆವು. ಅವರು ಎದ್ದು, "ನಮ್ಮ ದೋಣಿಯವರೆಲ್ಲ ಬರ್ತೇವೆ" ಎಂದುಬಿಟ್ಟರು.

ಬಲೆ ಹೊತ್ತು ಮರಳು ಏರುವಾಗ ನಿಮ್ಮ ಅಜ್ಜ ನಡುವೆ ನಿಂತು, ಕಡಲಿನ ಕಡೆ ತಿರುಗಿ, ಮೋಡ ನೋಡುವವರ ಹಾಗೆ ಮಾಡುವುದನ್ನು ನಾನು ಎಷ್ಟೋ ದಿನದಿಂದ ಗಮನಿಸಿದ್ದೆ. ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ಒರಗಿ ಕೂರುತ್ತಿದ್ದರು. ಕೇಳಿದರೆ "ಸೆಕೆ" ಎನ್ನುವರು. ಪಡೆಗೆ ಸೇರದಿದ್ದರೆ ಯಾಕೆಂದು ಕೇಳುತ್ತಾರೆ. ಸೇರಲು ಹೋಗಿ ಡಾಕ್ಟರು ಬೇಡವೆಂದರೆ, ಬೆಂಕಿಗೆ ಆಗದ ಎದೆ ದೋಣಿಗೆ ಆದೀತೇ? ದೋಣಿ ತಪ್ಪಿದರೆ ಅವರಿಗೆ ಬೇರೆ ಬದುಕೇ ಇರಲಿಲ್ಲ.

ಅವರೇ ಒಂದು ಉಪಾಯ ಹುಡುಕಿದರು. "ಡಾಕ್ಟ್ರನ್ನು ಕಡಲ ಬದಿಗೇ ಕರೆಯುವ ತಂಡೇಲರೇ, ರಂಪಣಿ ಎಳೆದಾದ ಕೂಡಲೇ. ಎಲ್ಲರೂ ಒಟ್ಟಿಗೆ ಸಿಗ್ತಾರೆ" ಎಂದರು. ರಂಪಣಿಯೆಂದರೆ ಊರಿನವರೆಲ್ಲ ಸೇರಿ ದಡದಿಂದ ಎಳೆಯುವ ದೊಡ್ಡ ಬಲೆ. ತಂಡೇಲರು ಒಪ್ಪಿದರು. ನಿಮ್ಮ ಅಜ್ಜ ಮನೆಗೆ ಬಂದು ನನಗೆ ಮಾತ್ರ ಹೇಳಿದರು: "ಬಲೆ ಎಳೆದ ಮೇಲೆ ಎಲ್ಲರಿಗೂ ಏದುಸಿರು. ಅದರ ನಡುವೆ ನನ್ನದು ಯಾರಿಗೆ ಗೊತ್ತಾಗ್ತದೆ?" ಹೇಳಿ ನಕ್ಕರು. ನನಗೆ ನಗು ಬರಲಿಲ್ಲ.

ಆ ದಿನ ನಾನು ಬೇರೆ ಹೆಂಗಸರೊಟ್ಟಿಗೆ ಬುಟ್ಟಿಗೆ ಮೀನು ತುಂಬುತ್ತಿದ್ದೆ. ಪೇಟೆಯ ಡಾಕ್ಟರು ಕೊಡೆ ಹಿಡಿದು ಮರಳಿನಲ್ಲಿ ಬಂದರು. ನಿಮ್ಮ ಅಜ್ಜ ಎಲ್ಲರಿಗಿಂತ ಮೊದಲು ಹೋಗಿ ನಿಂತರು. ಡಾಕ್ಟರು ಸಾಲನ್ನು ಒಮ್ಮೆ ನೋಡಿದರು.

"ಎಂತ ಇದು? ಎಲ್ಲರ ಎದೆಯಲ್ಲೂ ಡೋಲು ಬಾರಿಸ್ತಾ ಉಂಟು. ನಾನು ಎಂತ ಕೇಳುವುದು ಇದರಲ್ಲಿ? ಮೊದಲು ಕೂತು ಚಾ ಕುಡಿಯಿರಿ."

ಬ್ಯಾರಿಯವರ ಗೂಡಂಗಡಿಯಿಂದ ಚಾ ಬಂತು. ದಡಿಯನೊಬ್ಬನನ್ನು ತೋರಿಸಿ ಯಾರೋ, "ಡಾಕ್ಟ್ರೇ, ಇವನ ಹೊಟ್ಟೆಗೆ ಬೇರೆಯೇ ಸರ್ಟಿಫಿಕೇಟ್ ಬೇಕು, ಒಂದರಲ್ಲಿ ಹಿಡಿಯಲಿಕ್ಕಿಲ್ಲ" ಎಂದರು. "ನಿನ್ನ ಬಾಯಿಗೆ ಬೆಂಕಿ ಬೀಳಲಿ ಮಾರಾಯ, ಮೊದಲು ನಾನೇ ಬಂದು ನೀರು ಹಾಕ್ತೇನೆ" ಎಂದ ಅವನು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಗುತ್ತ ನಗುತ್ತ ಅವರವರ ಉಸಿರು ಇಳಿಯಿತು. ನಿಮ್ಮ ಅಜ್ಜನದು ಇಳಿಯಲಿಲ್ಲ. ಅಷ್ಟು ದೂರದಿಂದಲೂ ಅವರ ಹೆಗಲು ಏರಿ ಇಳಿಯುವುದು ನನಗೆ ಕಾಣುತ್ತಿತ್ತು. ಕೈಯ ಲೋಟದಲ್ಲಿ ಚಾ ಹಾಗೆಯೇ ಇತ್ತು.

ಡಾಕ್ಟರು ನಿಮ್ಮ ಅಜ್ಜನ ಎದೆಗೂ ಬೆನ್ನಿಗೂ ಕೊಳವೆ ಇಟ್ಟು ತುಂಬ ಹೊತ್ತು ಕೇಳಿದರು. ನಗು ನಿಂತಿತು.

"ಸಣ್ಣದಿರುವಾಗ ಜ್ವರ ಬಂದು ಕೈಕಾಲಿನ ಗಂಟುಗಳೆಲ್ಲ ಬಾತದ್ದು ಉಂಟಾ?"

"ನೆನಪಿಲ್ಲ."

"ಮಣಿಪಾಲಕ್ಕೆ ಹೋಗಿ ತೋರಿಸು. ನಿನಗೆ ನಾನು ಬರೆದು ಕೊಡಲಿಕ್ಕೆ ಆಗುವುದಿಲ್ಲ."

ತಂಡೇಲರು ಕೇಳಿದರು, "ದೋಣಿಗೆ ಅಡ್ಡಿ ಇಲ್ಲ ಅಲ್ವಾ ಡಾಕ್ಟ್ರೇ?"

"ನಡುಗಡಲಲ್ಲಿ ಇವನು ಬಿದ್ದರೆ ದಡಕ್ಕೆ ತರಲಿಕ್ಕೆ ನಿಮಗೆ ಎಷ್ಟು ಹೊತ್ತು ಬೇಕು?"



ಮಣಿಪಾಲದಲ್ಲೂ ಅದೇ ಮಾತು. ಸಣ್ಣಂದಿನ ಜ್ವರದಿಂದ ಹೃದಯದ ಒಂದು ಬಾಗಿಲು ಕಿರಿದಾಗಿದೆ, ದುಡಿಮೆ ಕೂಡದು ಎಂದರು. ತಂಡೇಲರು ತಾವೇ ಮನೆಗೆ ಬಂದು ಜಗಲಿಯಲ್ಲಿ ಕೂತು, "ಬಲೆ ಹೆಣೆಯುವ ಕೆಲಸ ನಿನಗೇ. ದೋಣಿ ಮಾತ್ರ ಬೇಡ" ಎಂದರು. ನಾನು ಮೀನಿನ ಬುಟ್ಟಿ ಹೊತ್ತು ಮಾರಲು ಕಾರ್ಕಳದ ಬಸ್ಸು ಹತ್ತತೊಡಗಿದೆ. ಗಾಳಿ ಎದ್ದಾಗ ದಡದಲ್ಲಿ ನಿಂತು ದೋಣಿಯ ದಾರಿ ಕಾಯುವುದು ತಪ್ಪಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಅವರ ಮುಖ ನೋಡಿದರೆ ಆ ಸಮಾಧಾನವನ್ನು ಎಲ್ಲಿ ಬಚ್ಚಿಡುವುದೆಂದು ತಿಳಿಯುತ್ತಿರಲಿಲ್ಲ.

ಮರುವರ್ಷ ಮತ್ತೆ ಬೆಂಕಿ ಬಿತ್ತು. ಭಜನಾ ಮಂದಿರದ ಗಂಟೆ ಬಾರಿಸಿ ಜನ ಸೇರಿಸುವ ಕೆಲಸವನ್ನು ಪಡೆಯವರು ನಿಮ್ಮ ಅಜ್ಜನಿಗೆ ಕೊಟ್ಟಿದ್ದರು. ಗಂಡಸರು ಕೊಕ್ಕೆ ಹಿಡಿದು ಉರಿಯುವ ಮಾಡು ಎಳೆಯುತ್ತಿದ್ದರು. ಹೆಂಗಸರಾದ ನಾವು ಬಾವಿಯಿಂದ ಸಾಲಾಗಿ ನಿಂತು ಕೊಡ ದಾಟಿಸುತ್ತಿದ್ದೆವು. ನಮಗೆ ಯಾರೂ ಸರ್ಟಿಫಿಕೇಟ್ ಕೇಳಿರಲಿಲ್ಲ.

ಎಲ್ಲರೂ ಬಂದ ಮೇಲೂ ಗಂಟೆ ನಿಲ್ಲಲಿಲ್ಲ. ತಂಡೇಲರು ಓಡಿ ಬಂದು ಹಗ್ಗ ಹಿಡಿದರು.

"ಸಾಕು ಮಾರಾಯ, ಎಲ್ಲರೂ ಬಂದಾಯ್ತು."

"ಎಲ್ಲರೂ ಎಲ್ಲಿ? ನಾನು ಇಲ್ಲೇ ಇದ್ದೇನಲ್ಲ" ಎಂದರು ನಿಮ್ಮ ಅಜ್ಜ.

ತಂಡೇಲರು ಹಗ್ಗ ಬಿಟ್ಟು ಬೆಂಕಿಯ ಕಡೆ ಹೋದರು. ಗಂಟೆ ಮತ್ತೆ ಶುರುವಾಯಿತು. ಅದು ನಡುನಡುವೆ ನಿಲ್ಲುತ್ತಿತ್ತು, ನಿಮ್ಮ ಅಜ್ಜ ಉಸಿರು ತೆಗೆದುಕೊಳ್ಳಲು. ನಿಂತಾಗಲೆಲ್ಲ ನನ್ನ ಕೈಯ ಕೊಡವೂ ನಿಲ್ಲುತ್ತಿತ್ತು. ಹಿಂದಿನವಳು "ಎಂತ ನಿದ್ದೆಯಾ?" ಎಂದು ಬೈಯುತ್ತಿದ್ದಳು. ಗಂಟೆ ಕೇಳಿದ ಮೇಲೆಯೇ ನಾನು ಕೊಡ ದಾಟಿಸುತ್ತಿದ್ದೆ.