ಕಾಲಿಗೆ ಬಂದ ಕಾಲ್

ಬೆನ್ನುಹುರಿಗೆ ಏಟಾದವರ ಮಿದುಳಿನ ಸಂದೇಶವನ್ನು ವೈರ್‌ಲೆಸ್ಸಿನಲ್ಲಿ ಕಾಲಿಗೆ ಮುಟ್ಟಿಸುವ ಪ್ರಯೋಗ ಅಲ್ ರೀಮ್ ಐಲ್ಯಾಂಡಿನ ನಮ್ಮ ಲ್ಯಾಬಿನಲ್ಲಿ ನಡೆಯುವಾಗ ಎಲ್ಲರಿಗಿಂತ ಹೆಚ್ಚು ಕುಣಿಯುವವರು, ಹಿಂದೆ ದುಬೈಯಲ್ಲಿ ಟೆಲಿಫೋನ್ ಕೇಬಲ್ ಜೋಡಿಸುತ್ತಿದ್ದ ಚನಿಯಣ್ಣ. "ಟವರ್ ಸರಿ ಉಂಟು ಮಾರಾಯ್ರೆ, ಕೇಬಲ್ ಮಾತ್ರ ಕಟ್ಟಾದ್ದು!" ಎಂದು ಹೊಸ ರೋಗಿಗಳಿಗೆ ಧೈರ್ಯ ಹೇಳುತ್ತಾರೆ. ಯಾರದಾದರೂ ಹೆಬ್ಬೆರಳು ಕೂದಲೆಳೆಯಷ್ಟು ಅಲುಗಿದರೆ ಸಾಕು, "ಕಾಲಿಗೆ ಕಾಲ್ ಬಂತು! ಮಿಸ್ಡ್ ಕಾಲ್ ಆದ್ರೂ ಕಾಲೇ!" ಎಂಬ ಕೂಗು ಲಿಫ್ಟಿನವರೆಗೆ ಕೇಳಿಸುತ್ತದೆ. ಡಾಕ್ಟರ್ ಅಮಿತಾ "ಮೆಲ್ಲಗೆ" ಎಂದರೆ, "ಯಲ್ಲಾ, ಬೇಗ ಬೇಗ ಮೇಡಂ, ರೀಡಯಲ್ ಮಾಡಿ!" ಎಂದು ಅವಸರಿಸುತ್ತಾರೆ. ಎ.ಸಿ. ಚಳಿಗೆ ನಾವೆಲ್ಲ ಸ್ವೆಟರ್ ತೊಟ್ಟಿದ್ದರೂ, ಗಾಲಿಕುರ್ಚಿಯ ಮೇಲಿನ ಚನಿಯಣ್ಣನ ಪಾದಗಳು ಮಾತ್ರ ಸದಾ ಬರಿಯವು. ನಾನು ಸಾಕ್ಸ್ ಹಾಕಲು ಹೋದರೆ ಕೈ ಹಿಡಿದು ತಡೆಯುತ್ತಾರೆ: "ಬೇಡ ಮಗಾ, ರಿಂಗಾದ್ರೆ ನನಗೆ ಗೊತ್ತಾಗುದಿಲ್ಲ, ಕಣ್ಣಿಗಾದ್ರೂ ಕಾಣ್ಬೇಕಲ್ಲ!"