ಹಿಮದ ಕೆರೆಯ ಮೂರು ಹಿಡಿ ಮಣ್ಣು

ಜಾವಳಿಯ ಎಸ್ಟೇಟಿನ ಕಣದಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಒಣಗಲು ಹರವಿದ ದಿನ ಉಮೇಶನನ್ನು ಮಾತಾಡಿಸಿ ಪ್ರಯೋಜನವಿಲ್ಲ. ಬರಿಗಾಲಲ್ಲಿ ನಡೆಯುತ್ತಾ, ಒದ್ದೆ ಕಾಳಿನಲ್ಲಿ ಕೈಯಾಡಿಸುತ್ತಾ ಅವನು ಮನಸ್ಸಿನಲ್ಲೇ ತೀರಿಹೋದ ಅಪ್ಪನ ಹತ್ತಿರ ಹೋಗಿಬಿಟ್ಟಿರುತ್ತಾನೆ. ಅಪ್ಪ ಭೂತಯ್ಯ ಅದೇ ಕಣದ ಮೇಸ್ತ್ರಿಯಾಗಿದ್ದವರು. "ಒದ್ದೆ ಕಂಡ್ರೆ ಕೈಯಾಡಿಸ್ಬೇಕು ಕಣೋ, ಸುಮ್ನೆ ಬಿಟ್ರೆ ಬೂಷ್ಟು ಹಿಡೀತದೆ" ಎಂದು ಗದರಿ ಗದರಿ ಮಗನ ಕೈಗೆ ಆ ಚಾಳಿ ಹತ್ತಿಸಿದ್ದರು. ಅದು ಅಂಟಾರ್ಕ್ಟಿಕಾದವರೆಗೂ ಹೋಯಿತೆಂದರೆ ನೀವು ನಗಬಹುದು. ನಗಿ, ಪರವಾಗಿಲ್ಲ.

ಜನರೇಟರ್ ಮೆಕ್ಯಾನಿಕ್ ಆಗಿದ್ದ ಉಮೇಶ ಕೆಲವು ವರ್ಷದ ಹಿಂದೆ ಒಂದು ಸಂಶೋಧನಾ ತಂಡದ ಜೊತೆ ಆ ಹಿಮದ ನಾಡಿಗೆ ಹೋದ. ಹೊರಡುವಾಗಲೇ ಭೂತಯ್ಯನಿಗೆ ಮೈ ಸರಿಯಿರಲಿಲ್ಲ. "ಹೋಗ್ ಬಾ ಮಾರಾಯ, ನಾನೆಲ್ಲಿ ಓಡಿಹೋಗ್ತೀನಿ" ಅಂದಿದ್ದರು.

ಅಲ್ಲಿ ನಿಖಿತಾ ಎಂಬ ವಿಜ್ಞಾನಿ, ವಸ್ತಾರೆಯ ಕಾಫಿ ಪ್ಲಾಂಟರ್ ಮನೆಯ ಹುಡುಗಿ, ಹೆಪ್ಪುಗಟ್ಟಿದ ಕೆರೆಗೆ ತೂತು ಕೊರೆದು ತಳದ ಕೆಸರನ್ನು ಕೊಳವೆಯಲ್ಲಿ ಎತ್ತಿದ್ದಳು. ಅದನ್ನು ಉದ್ದಕ್ಕೆ ಸೀಳಿ, ಅರ್ಧವನ್ನು ಟ್ರೇನಲ್ಲಿ ಮಲಗಿಸಿದ್ದಳು. ಒಂದೊಂದು ಪದರ ಒಂದೊಂದು ಕಾಲದ್ದು. ಯಾವುದರಲ್ಲಿ ಯಾವ ಖನಿಜ ಎಷ್ಟಿದೆ ಎಂದು ನೋಡಬೇಕಿತ್ತು. ಹೀಟರ್ ರಿಪೇರಿಗೆ ಬಂದ ಉಮೇಶ ಒದ್ದೆ ಮಣ್ಣು ಕಂಡ. ಕೈ ಕೇಳಬೇಕಲ್ಲ! ತುದಿಯಿಂದ ತುದಿಗೆ ಚೆನ್ನಾಗಿ ಕೈಯಾಡಿಸಿಯೇಬಿಟ್ಟ.

"ಅಯ್ಯೋ! ಇದೇನು ನಮ್ಮನೆ ಕಾಫಿ ಕಣ ಅಂದ್ಕೊಂಡ್ರಾ ಮಾರಾಯ್ರೇ?" ನಿಖಿತಾ ಕೂಗಿದಳು.

ಸಾವಿರಾರು ವರ್ಷ ಕಲಸಿಹೋಗಿತ್ತು. ಪುಣ್ಯಕ್ಕೆ ಇನ್ನರ್ಧ ಹಾಗೇ ಇತ್ತು. ಸಿಟ್ಟಿಳಿದ ಮೇಲೆ ಅವಳೇ ಆ ಮಣ್ಣನ್ನು ಬೆರಳಲ್ಲಿ ಉಜ್ಜಿ ತೋರಿಸಿದಳು. "ಬೆಣಚುಕಲ್ಲು, ಫೆಲ್ಡ್‌ಸ್ಪಾರ್, ಅಭ್ರಕ. ಬರೀ ಕಲ್ಲಿನ ಹುಡಿ, ಜೇಡಿ ಕಮ್ಮಿ. ನಮ್ಮಲ್ಲಿ ಮಳೆ ಹೊಡ್ದು ಹೊಡ್ದು ಕಲ್ಲೂ ಕೊಳ್ತು ಕೆಂಪು ಮಣ್ಣಾಗ್ತದೆ. ಇಲ್ಲಿ ಮಳೆನೇ ಇಲ್ವಲ್ಲ."

ಜಾವಳಿಯ ಕೆಂಪು ಮಣ್ಣು, ಅದು ಮೆತ್ತಿಕೊಂಡ ಅಪ್ಪನ ಹಿಮ್ಮಡಿ ಉಮೇಶನಿಗೆ ನೆನಪಾದವು.

ಆ ವಾರವೇ ತಂಗಿ ರೇವತಿ ಫೋನ್ ಮಾಡಿದಳು. "ಅಣ್ಣಾ, ಅಪ್ಪಯ್ಯ ಹೋಗ್ಬಿಟ್ರು. ಮಧ್ಯಾಹ್ನ ಮಣ್ಣು ಮಾಡ್ತಾರೆ."

ಮಗನಾದವನು ಮೂರು ಹಿಡಿ ಮಣ್ಣು ಹಾಕಬೇಕು. ಹಡಗು ಬರುವುದಕ್ಕೇ ಇನ್ನೂ ತಿಂಗಳಿತ್ತು. ಉಮೇಶ ಹೊರಗೆ ಓಡಿದ. ಎಲ್ಲಿ ನೋಡಿದರೂ ಬಂಡೆ, ಮಂಜುಗಡ್ಡೆ. ಅಪ್ಪನಿಗೆ ಹಾಕಲು ಒಂದು ಹಿಡಿ ಮಣ್ಣೂ ಇಲ್ಲ. "ಎಂಥ ಪಾಪಿ ನಾನು" ಎಂದು ಅಲ್ಲೇ ಕುಸಿದು ಕೂತು ಅತ್ತ.

ವಿಷಯ ತಿಳಿದ ನಿಖಿತಾ ಆ ಟ್ರೇ ಹಿಡಿದು ಬಂದಳು. "ನೀವು ಕಲಸಿದ್ದೇ ಇದು. ಪದರ ಹೋಯ್ತು, ನಂಗೆ ಇದ್ರಿಂದ ಕೆಲ್ಸ ಇಲ್ಲ. ಹೇಗೂ ಕೆರೆಗೇ ವಾಪಸ್ ಹಾಕ್ಬೇಕು. ನೀವೇ ಹಾಕಿ."

ಕೊರೆದ ತೂತಿನ ಬಳಿ ಉಮೇಶ ಮಂಡಿಯೂರಿದ. ಮಣ್ಣು ಇನ್ನೂ ಒದ್ದೆಯಿತ್ತು. ಹಾಕುವ ಮುಂಚೆ ಇನ್ನೊಂದು ಸಲ, ಈಗ ಬೇಕೆಂದೇ, ನಿಧಾನವಾಗಿ ಕೈಯಾಡಿಸಿದ. ಅಪ್ಪ ಗದರಬಾರದಲ್ಲ. ಆಮೇಲೆ "ಅಪ್ಪಯ್ಯಾ" ಎನ್ನುತ್ತಾ ಮೂರು ಹಿಡಿಯನ್ನೂ ನೀರಿಗೆ ಬಿಟ್ಟ.